ಹದಿನಾಲ್ಕು ಮಂದಿ, ಒಂದು ಹಿಮದ ಹಾದಿ: ಗಣರಾಜ್ಯೋತ್ಸವದ ರಜೆಗೆ ಚಂದ್ರಶಿಲಾ ಹತ್ತಬಹುದೇ?

ಪ್ರಶ್ನೆ: ಬೆಂಗಳೂರಿನ ಒಂದೇ ಕಚೇರಿಯಲ್ಲಿ ಕೆಲಸ ಮಾಡುವ ನಾವು 14 ಮಂದಿ ಗಣರಾಜ್ಯೋತ್ಸವದ ರಜೆಯಲ್ಲಿ ಉತ್ತರಾಖಂಡದ ಚೋಪ್ತಾದಿಂದ ತುಂಗನಾಥ ದೇವಸ್ಥಾನಕ್ಕೂ ಅದರ ಮೇಲಿನ ಚಂದ್ರಶಿಲಾ ಶಿಖರಕ್ಕೂ ಒಂದು ದಿನದ ಹಿಮ ಚಾರಣ ಮಾಡಬೇಕೆಂದಿದ್ದೇವೆ. ಶುಕ್ರವಾರ ರಾತ್ರಿ ವಿಮಾನದಲ್ಲಿ ದಿಲ್ಲಿ, ಶನಿವಾರ ಇಡೀ ದಿನ ಟೆಂಪೊ ಟ್ರಾವೆಲರ್‌ನಲ್ಲಿ ಚೋಪ್ತಾ, ಭಾನುವಾರ ನಸುಕಿನ 3 ಗಂಟೆಗೆ ಹೊರಟು ಶಿಖರದಲ್ಲಿ ಸೂರ್ಯೋದಯ ನೋಡಿ, ಸೋಮವಾರ ರಾತ್ರಿ ಮನೆ ಸೇರುವುದು ನಮ್ಮ ಯೋಜನೆ. ನಮ್ಮಲ್ಲಿ ಹೆಚ್ಚಿನವರು ಸ್ಕಂದಗಿರಿ, ಸಾವನದುರ್ಗ, ಕುಮಾರಪರ್ವತ ಹತ್ತಿದವರು. ಹಿಮದ ಮೇಲೆ ಯಾರೂ ನಡೆದಿಲ್ಲ. ಒಬ್ಬರಿಗೆ 56 ವರ್ಷ, ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುತ್ತಾರೆ. ಇನ್ನೊಬ್ಬರಿಗೆ ಆಸ್ತಮಾ ಇದೆ. ಒಬ್ಬ ಗೈಡ್ ಸಾಕೇ? ಯಾವ ಸಿದ್ಧತೆ ಬೇಕು?

ಉತ್ತರ: ನೀವು ಹೋಗಬಹುದು, ಆದರೆ ಈ ವೇಳಾಪಟ್ಟಿಯಲ್ಲಿ ಹೋಗಬಾರದು ಮತ್ತು ಒಬ್ಬ ಗೈಡ್‌ನನ್ನು ನಂಬಿಕೊಂಡು 14 ಮಂದಿ ಹೋಗಬಾರದು. ನಿಮ್ಮ ತಂಡದ ದೇಹಶಕ್ತಿಯ ಬಗ್ಗೆ ನನಗೆ ಹೆಚ್ಚಿನ ಆತಂಕವಿಲ್ಲ. ಹಿಮದ ಹಾದಿಯಲ್ಲಿ ಒಂದು ಗುಂಪು ಕ್ಷೇಮವಾಗಿ ಮರಳುವುದು ಬಹುಮಟ್ಟಿಗೆ ಹೊರಡುವ ಮೊದಲೇ ಆ ಗುಂಪು ತನ್ನೊಳಗೆ ಮಾಡಿಕೊಂಡ ಒಪ್ಪಂದಗಳಿಂದ. ನಿಮ್ಮ ಪ್ರಶ್ನೆಯಲ್ಲಿ ವಿಮಾನದ ಸಮಯವೂ ಸೂರ್ಯೋದಯದ ಸಮಯವೂ ಇವೆ, ಎಷ್ಟು ಗಂಟೆಗೆ ಹಿಂದಿರುಗಬೇಕೆಂಬ ಸಮಯ ಮಾತ್ರ ಇಲ್ಲ. ನನ್ನ ಉತ್ತರದ ಬಹುಪಾಲು ಆ ಕೊರತೆಯ ಸುತ್ತಲೇ ಇದೆ.

ಮೊದಲು ಎತ್ತರದ ವಿಷಯವನ್ನು ನೋಡೋಣ. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಕುಮಾರಪರ್ವತ ಹತ್ತಿದವರು ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಏರಿರುತ್ತಾರೆ. ಚೋಪ್ತಾದಿಂದ ಚಂದ್ರಶಿಲಾಗೆ ಇರುವ ಏರು ಹೆಚ್ಚೆಂದರೆ ಅದರ ಮೂರನೇ ಎರಡು ಭಾಗದಷ್ಟು. ಹಾಗಾಗಿ ಕಾಲಿನ ಮಟ್ಟಿಗೆ ನೀವು ಸಿದ್ಧರಿದ್ದೀರಿ ಎನ್ನಬಹುದು. ಆದರೆ ಕುಮಾರಪರ್ವತದ ತುದಿ ಇರುವುದು 1,712 ಮೀಟರಿನಲ್ಲಿ, ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ ಕೂಡ 2,000 ಮೀಟರ್ ಮುಟ್ಟುವುದಿಲ್ಲ. ನೀವು ನಡಿಗೆ ಆರಂಭಿಸುವ ಚೋಪ್ತಾವೇ ಸುಮಾರು 2,700 ಮೀಟರ್ ಎತ್ತರದಲ್ಲಿದೆ, ತುಂಗನಾಥ ಮೂರೂವರೆ ಸಾವಿರ ಮೀಟರಿನ ಆಸುಪಾಸಿನಲ್ಲಿದೆ. ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ 90ರಷ್ಟಿದ್ದರೆ ಅಲ್ಲಿ ಸುಮಾರು ಶೇ 65ಕ್ಕೆ ಇಳಿಯುತ್ತದೆ, ಅಂದರೆ ಪ್ರತಿ ಉಸಿರಿನಲ್ಲೂ ಸಿಗುವ ಆಮ್ಲಜನಕ ಅಷ್ಟರಮಟ್ಟಿಗೆ ಕಡಿಮೆ. ಈ ಕೊರತೆಗೆ ಒಗ್ಗಿಕೊಳ್ಳಲು ದೇಹಕ್ಕೆ ಬೇಕಾಗಿರುವುದು ಸಮಯ. ಜಿಮ್‌ನಲ್ಲಿ ಎಷ್ಟು ಬೆವರು ಸುರಿಸಿದರೂ ಆ ಸಮಯವನ್ನು ತಪ್ಪಿಸಲಾಗದು.

ಪರ್ವತದ ಎತ್ತರದಿಂದ ಬರುವ ಅಸ್ವಸ್ಥತೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ, ಅಲ್ಲಿಗೆ ತಲುಪಿದ 6ರಿಂದ 12 ಗಂಟೆಗಳ ಒಳಗೆ ಕಾಣಿಸಿಕೊಳ್ಳುತ್ತದೆ. ನೀವು ಶನಿವಾರ ಸಂಜೆ ಚೋಪ್ತಾ ತಲುಪಿ ಭಾನುವಾರ 3 ಗಂಟೆಗೆ ಹೊರಟರೆ, ಹಿಂದಿನ ರಾತ್ರಿ ನಿದ್ದೆಗೆಟ್ಟ, 450 ಕಿಲೋಮೀಟರ್ ವಾಹನದಲ್ಲಿ ಕುಲುಕಾಡಿದ, ಸರಿಯಾಗಿ ನೀರು ಕುಡಿಯದ ದೇಹವನ್ನು ತಲೆನೋವು, ವಾಕರಿಕೆ, ತಲೆಸುತ್ತು ಶುರುವಾಗುವ ಹೊತ್ತಿಗೇ ಇನ್ನೂ ಮೇಲಕ್ಕೆ ಒಯ್ಯುತ್ತಿದ್ದೀರಿ ಎಂದಾಗುತ್ತದೆ. ವಾಹನದ ಪ್ರಯಾಣದಿಂದ ತಲೆನೋವು ಬಂದಿದೆಯೆಂದು ಎಲ್ಲರೂ ಸಮಾಧಾನ ಮಾಡಿಕೊಳ್ಳುವ ಸಾಧ್ಯತೆಯೂ ಇಲ್ಲೇ ಹೆಚ್ಚು. ಎತ್ತರದಲ್ಲಿ ಬಂದ ತಲೆನೋವನ್ನು, ಬೇರೆ ಕಾರಣ ಖಚಿತವಾಗುವವರೆಗೆ, ಎತ್ತರದಿಂದಲೇ ಬಂದದ್ದೆಂದು ಭಾವಿಸಬೇಕು. ತಲೆನೋವಿನ ಜೊತೆ ವಾಂತಿ ಅಥವಾ ವಿಪರೀತ ಸುಸ್ತು ಇದ್ದರೆ ಏರುವುದನ್ನು ನಿಲ್ಲಿಸಬೇಕು. ನಡಿಗೆ ತೂರಾಡಿದರೆ, ಮಾತು ಗೊಂದಲವಾದರೆ, ಕುಳಿತಿದ್ದಾಗಲೂ ಏದುಸಿರು ಬಂದರೆ ಒಂದು ಕ್ಷಣವೂ ಕಾಯದೆ ಕೆಳಗಿಳಿಯಬೇಕು, ಏಕೆಂದರೆ ಇವು ಮಿದುಳಿನಲ್ಲಿ ಅಥವಾ ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವುದರ ಸೂಚನೆಗಳು.

ಆದ್ದರಿಂದ ಎರಡು ಮೂರು ದಿನ ಹೆಚ್ಚುವರಿ ರಜೆ ಹಾಕಿ. ದಿಲ್ಲಿಯ ಬದಲು ನೇರ ದೆಹರಾದೂನ್‌ಗೆ ಬೆಳಗಿನ ವಿಮಾನ ಹಿಡಿದು ಅಂದು ಋಷಿಕೇಶದಲ್ಲೋ ರುದ್ರಪ್ರಯಾಗದಲ್ಲೋ ತಂಗಿ. ಎರಡನೆಯ ದಿನ ಹಗಲಿನಲ್ಲೇ ಪ್ರಯಾಣ ಮುಗಿಸಿ ಉಖೀಮಠ ದಾಟಿ, ಸುಮಾರು 2,000 ಮೀಟರ್ ಎತ್ತರದ ಸಾರಿ ಗ್ರಾಮ ಸೇರಿ. ಮೂರನೆಯ ದಿನ ಅಲ್ಲಿಂದ 2,438 ಮೀಟರಿನ ದೇವರಿಯಾತಾಲ್ ಸರೋವರಕ್ಕೆ ನಿಧಾನವಾಗಿ ಹತ್ತಿ ಇಳಿಯಿರಿ. ಮೊದಲ ಬಾರಿ ಬೂಟಿನಡಿ ಹಿಮದ ಸದ್ದು ಕೇಳುವುದು, ಯಾರ ಶೂ ಕಚ್ಚುತ್ತದೆ, ಯಾರ ಕೈಗವಸು ನೆನೆಯುತ್ತದೆ ಎಂದು ತಿಳಿಯುವುದು, ಗೈಡ್ ನಿಮ್ಮ ನಡಿಗೆಯನ್ನು ಅಳೆಯುವುದು ಎಲ್ಲವೂ ಅಪಾಯ ಕಡಿಮೆಯಿರುವ ಆ ಹಾದಿಯಲ್ಲೇ ಆಗಿಹೋಗಲಿ. ರಾತ್ರಿ ಮತ್ತೆ ಸಾರಿಯಲ್ಲೇ ಮಲಗಿ ನಾಲ್ಕನೆಯ ದಿನ ವಾಹನದಲ್ಲಿ ಚೋಪ್ತಾಕ್ಕೆ ಹೋಗಿ ಚಾರಣ ಮಾಡಿ, ಸಂಜೆಗೆ ಮತ್ತೆ ತಗ್ಗಿಗೆ ಬಂದು ಮಲಗಿ. ಹಗಲು ಎತ್ತರಕ್ಕೆ ಹೋಗಿ ರಾತ್ರಿ ತಗ್ಗಿನಲ್ಲಿ ಮಲಗುವುದು ದೇಹಕ್ಕೆ ಹಿತ. ರಜೆ ಸಿಗದಿದ್ದರೆ ಮಾರ್ಚ್ ಎರಡನೆಯ ವಾರದ ನಂತರ ಹೋಗುವುದನ್ನು ಯೋಚಿಸಿ. ತುಂಗನಾಥದ ಆಸುಪಾಸಿನಲ್ಲಿ ಆಗಲೂ ಸಾಮಾನ್ಯವಾಗಿ ಹಿಮ ಉಳಿದಿರುತ್ತದೆ, ಹಗಲು ದೀರ್ಘವಾಗಿರುತ್ತದೆ. ಜನವರಿಯಲ್ಲಾದರೆ ಭಾರೀ ಹಿಮ ಬಿದ್ದಾಗ ಚೋಪ್ತಾಕ್ಕೆ ವಾಹನವೇ ಹೋಗದೆ, ಬನಿಯಾಕುಂಡ್ ಅಥವಾ ದುಗಲ್‌ಬಿಟ್ಟಾದಿಂದಲೇ ರಸ್ತೆಯಲ್ಲಿ ಹಲವು ಕಿಲೋಮೀಟರ್ ನಡೆಯಬೇಕಾಗುತ್ತದೆ, ಒಂದು ದಿನದ ಲೆಕ್ಕಾಚಾರವೆಲ್ಲ ಅಲ್ಲಿಗೇ ಬದಲಾಗುತ್ತದೆ.

ರಕ್ತದೊತ್ತಡ ಹತೋಟಿಯಲ್ಲಿದ್ದರೆ 56ರ ವಯಸ್ಸು ತಾನಾಗಿ ಅಡ್ಡಿಯಲ್ಲ. ಆದರೂ ಅವರು ತಮ್ಮ ವೈದ್ಯರಿಗೆ ಹೋಗುವ ಎತ್ತರವನ್ನೂ ಚಳಿಯನ್ನೂ ತಿಳಿಸಿ, ಅಗತ್ಯವೆನಿಸಿದ ಹೃದಯ ಪರೀಕ್ಷೆ ಮಾಡಿಸಿಕೊಂಡು, ಮಾತ್ರೆಯನ್ನು ಒಂದು ದಿನವೂ ತಪ್ಪಿಸದೆ ಬರಬೇಕು. ಆಸ್ತಮಾ ಇರುವವರಿಗೆ ಎತ್ತರಕ್ಕಿಂತ ತಣ್ಣನೆಯ ಒಣ ಗಾಳಿಯೇ ಹೆಚ್ಚಿನ ತೊಂದರೆ ಕೊಡಬಹುದು. ಮೂಗು ಬಾಯಿಗೆ ತೆಳುವಾದ ಬಟ್ಟೆ ಸುತ್ತಿಕೊಂಡು ನಡೆಯಲಿ, ಇನ್‌ಹೇಲರ್ ಬ್ಯಾಗಿನ ತಳದಲ್ಲಿರದೆ ಜರ್ಕಿನ್‌ನ ಒಳಜೇಬಿನಲ್ಲಿರಲಿ, ಜೊತೆಗಾರನ ಬಳಿ ಇನ್ನೊಂದಿರಲಿ. ಎತ್ತರದ ಅಸ್ವಸ್ಥತೆ ತಡೆಯಲು ಕೊಡುವ ಅಸಿಟಜೋಲಮೈಡ್ ಮಾತ್ರೆಯನ್ನು ಸಾಮಾನ್ಯವಾಗಿ 125 ಮಿಲಿಗ್ರಾಂನಂತೆ ದಿನಕ್ಕೆರಡು ಬಾರಿ, ಏರುವ ಹಿಂದಿನ ದಿನದಿಂದ ತೆಗೆದುಕೊಳ್ಳುತ್ತಾರೆ. ಆದರೆ ಸಲ್ಫಾ ಔಷಧಗಳ ಅಲರ್ಜಿ ಇರುವವರಿಗೆ ಅದು ಆಗದೆ ಇರಬಹುದು, ಆದ್ದರಿಂದ ವೈದ್ಯರು ಬರೆದುಕೊಡದೆ ಯಾರೂ ನುಂಗಬೇಡಿ. ನಾನು ಹೇಳಿದಂತೆ ದಿನಗಳನ್ನು ಹಂಚಿಕೊಂಡರೆ ನಿಮ್ಮಲ್ಲಿ ಹೆಚ್ಚಿನವರಿಗೆ ಅದರ ಅಗತ್ಯವೂ ಬಾರದು.

ಇನ್ನು ಹಿಮ. ಹಿಮವೆಂದರೆ ಒಂದೇ ಬಗೆಯ ನೆಲವೆಂದು ಭಾವಿಸಬೇಡಿ. ಹೊಸದಾಗಿ ಬಿದ್ದದ್ದರಲ್ಲಿ ಮೊಣಕಾಲವರೆಗೆ ಹೂತುಹೋಗುತ್ತೀರಿ, ಮಧ್ಯಾಹ್ನದ ಬಿಸಿಲಿಗೆ ಕರಗಿದ್ದು ರಾಡಿಯಾಗಿ ಬೂಟು ನೆನೆಸುತ್ತದೆ, ಅದೇ ರಾಡಿ ರಾತ್ರಿ ಹೆಪ್ಪುಗಟ್ಟಿ ಬೆಳಗಿನ ಹೊತ್ತಿಗೆ ಗಾಜಿನಷ್ಟು ನುಣುಪಾಗಿರುತ್ತದೆ. ಚೋಪ್ತಾದಿಂದ ತುಂಗನಾಥಕ್ಕೆ ಹೋಗುವ ಮೂರೂವರೆ ನಾಲ್ಕು ಕಿಲೋಮೀಟರ್ ಕಲ್ಲು ಹಾಸಿದ ದಾರಿ. ಯಾತ್ರೆಯ ಕಾಲದಲ್ಲಿ ಹಿರಿಯರೂ ಹತ್ತುವ ದಾರಿ ಅದು. ಚಳಿಗಾಲದಲ್ಲಿ ದೇವಸ್ಥಾನ ಮುಚ್ಚಿ, ಉತ್ಸವಮೂರ್ತಿ ಮಕ್ಕುಮಠಕ್ಕೆ ಇಳಿದ ಮೇಲೆ ಅದೇ ಕಲ್ಲುಹಾಸಿನ ಮೇಲೆ ಹಿಮ ಕೂರುತ್ತದೆ, ಚಾರಣಿಗರ ಕಾಲ್ತುಳಿತಕ್ಕೆ ಗಟ್ಟಿಯಾಗುತ್ತದೆ. ಹೊಸ ಹಿಮಕ್ಕಿಂತ ಹೀಗೆ ತುಳಿದು ಮಂಜುಗಡ್ಡೆಯಾದ ಭಾಗದಲ್ಲೇ ಜಾರುವವರು ಹೆಚ್ಚು, ಅದೂ ಇಳಿಯುವಾಗ. ಸಾವನದುರ್ಗದ ಬಂಡೆಯ ಮೇಲೆ ರಬ್ಬರ್ ಅಟ್ಟೆ ಹಿಡಿದು ನಿಲ್ಲುತ್ತದೆ, ನಿಮ್ಮ ಕಾಲುಗಳು ಕಲಿತಿರುವುದು ಆ ನಂಬಿಕೆಯನ್ನು. ಮಂಜುಗಡ್ಡೆಯ ಮೇಲೆ ಆ ನಂಬಿಕೆಯನ್ನು ಬಿಟ್ಟುಬಿಡಬೇಕು.

ಅದಕ್ಕಾಗಿ ಬೂಟಿನ ಮೇಲೆ ಎಳೆದು ಹಾಕುವ, ಸರಪಳಿಗೆ ಸಣ್ಣ ಮೊಳೆಗಳಿರುವ ಮೈಕ್ರೊಸ್ಪೈಕ್ ಪ್ರತಿಯೊಬ್ಬರಿಗೂ ಒಂದು ಜೊತೆ ಬೇಕು. ಉದ್ದನೆಯ ಹಲ್ಲುಗಳ ಕ್ರ್ಯಾಂಪಾನ್ ನಿಮಗೆ ಬೇಡ, ಬಾಗುವ ಅಟ್ಟೆಯ ಚಾರಣದ ಬೂಟಿಗೆ ಅದು ಸರಿಯಾಗಿ ಕೂರುವುದಿಲ್ಲ, ಅಭ್ಯಾಸವಿಲ್ಲದವರು ತಮ್ಮ ಪ್ಯಾಂಟಿಗೇ ಸಿಕ್ಕಿಸಿಕೊಂಡು ಬೀಳುತ್ತಾರೆ. ಸ್ಪೈಕ್‌ಗಳನ್ನು ಮಂಜುಗಡ್ಡೆ ಆರಂಭವಾಗುವ ಮುನ್ನ ಸಮತಟ್ಟಾದ ಜಾಗದಲ್ಲಿ ಹಾಕಿಕೊಳ್ಳಿ, ಇಳಿಜಾರಿನ ನಡುವೆ ಒಂದು ಕಾಲಿನಲ್ಲಿ ನಿಂತು ಹಾಕಿಕೊಳ್ಳಲು ಹೋಗಬೇಡಿ. ಏರುವಾಗ ಬೂಟಿನ ತುದಿಯಿಂದ ಹಿಮವನ್ನು ಒದ್ದು ಮೆಟ್ಟಿಲು ಮಾಡಿಕೊಂಡು ಹತ್ತಿ. ಮೆದು ಹಿಮದಲ್ಲಿ ಇಳಿಯುವಾಗ ಹಿಮ್ಮಡಿಯನ್ನು ಮೊದಲು ಊರಿ, ಮೈಯನ್ನು ಹಿಂದಕ್ಕೆ ವಾಲಿಸಬೇಡಿ. ಭಯದಿಂದ ಹಿಂದಕ್ಕೆ ವಾಲಿದವರೇ ಕುಂಡೆಯೂರಿ ಜಾರುವುದು. ಬೂಟಿನೊಳಗೆ ಹಿಮ ನುಗ್ಗದಂತೆ ತಡೆಯುವ, ಮೊಣಕಾಲವರೆಗೆ ಬರುವ ಗೇಟರ್ ಮತ್ತು ಎರಡು ಟ್ರೆಕ್ಕಿಂಗ್ ಪೋಲ್ ಇರಲಿ. ಇವು ಬೆಂಗಳೂರಿನಲ್ಲೂ ಅಲ್ಲಿಯ ಅಂಗಡಿಗಳಲ್ಲೂ ಬಾಡಿಗೆಗೆ ಸಿಗುತ್ತವೆ, ಬೂಟು ಮಾತ್ರ ನಿಮ್ಮದೇ ಆಗಿರಲಿ. ಅದನ್ನು ಈಗಲೇ ಕೊಂಡು, ಹೊರಡುವವರೆಗೆ ಪ್ರತಿ ವಾರ ನಂದಿಬೆಟ್ಟದ ಸುಲ್ತಾನ್‌ಪೇಟೆ ಕಡೆಯ ಕಲ್ಲುಮೆಟ್ಟಿಲುಗಳನ್ನು ಅದೇ ಬೂಟಿನಲ್ಲಿ, ಬೆನ್ನಿಗೆ ಐದಾರು ಕಿಲೋ ಭಾರ ಹೊತ್ತು ಹತ್ತಿ ಇಳಿಯಿರಿ. ಇಳಿಯುವುದನ್ನು ಬಿಡಬೇಡಿ, ತೊಡೆಯ ಮುಂಭಾಗದ ಸ್ನಾಯುಗಳಿಗೆ ಶಕ್ತಿ ಬರುವುದು ಅದರಿಂದಲೇ.

ಸೂರ್ಯೋದಯದ ಆಸೆಯನ್ನು ಈ ಬಾರಿ ಬಿಡಿ ಎಂದು ಕೇಳಿಕೊಳ್ಳುತ್ತೇನೆ. ಚೌಖಂಬಾ, ನಂದಾದೇವಿ, ತ್ರಿಶೂಲಗಳ ಮೇಲೆ ಮೊದಲ ಬೆಳಕು ಬೀಳುವುದನ್ನು ಚಂದ್ರಶಿಲಾದಿಂದ ನೋಡುವುದು ಎಷ್ಟು ದೊಡ್ಡ ಭಾಗ್ಯವೆಂದು ಬಲ್ಲೆ, ಆದ್ದರಿಂದ ಇದನ್ನು ಹಗುರವಾಗಿ ಹೇಳುತ್ತಿಲ್ಲ. ಆದರೆ ನಸುಕಿನ 3ರಿಂದ 6ರವರೆಗೆ ಚಳಿ ಅತ್ಯಂತ ತೀವ್ರವಾಗಿರುತ್ತದೆ, ಗಡ್ಡೆ ಅತ್ಯಂತ ಗಟ್ಟಿಯಾಗಿರುತ್ತದೆ, ಹೆಡ್‌ಲ್ಯಾಂಪಿನ ಬೆಳಕಿನಲ್ಲಿ ಪಕ್ಕದ ಇಳಿಜಾರು ಎಷ್ಟು ಆಳವೆಂದು ಕಾಣುವುದಿಲ್ಲ. ಹಿಮದ ಮೇಲೆ ಮೊದಲ ಬಾರಿ ನಡೆಯುವ ತಂಡವೊಂದು ಕತ್ತಲಲ್ಲಿ ಹೊರಡಲು ಯಾವ ಸಮರ್ಥನೆಯೂ ಇಲ್ಲ. ಬೆಳಗ್ಗೆ ಆರೂವರೆ ಏಳಕ್ಕೆ ಬೆಳಕು ಹರಿಯುವಾಗ ಹೊರಡಿ. ತುಂಗನಾಥವೇ ಅಂದಿನ ಗುರಿಯಾಗಿರಲಿ. ದೇವಸ್ಥಾನದ ಮೇಲಿನ ಕಡಿದಾದ ಏರಿನಲ್ಲಿ ಕಲ್ಲುಹಾಸಿನ ಆಸರೆ ಇಲ್ಲ, ಗಾಳಿ ನೇರವಾಗಿ ಬಡಿಯುತ್ತದೆ, ಗಟ್ಟಿ ಹಿಮದ ಅಡ್ಡ ಇಳಿಜಾರಿನಲ್ಲಿ ಒಮ್ಮೆ ಜಾರಿದರೆ ನಿಲ್ಲುವುದು ಕಷ್ಟ. ಅಲ್ಲಿಗೆ ಹೋಗಬೇಕೇ ಬೇಡವೇ ಎಂಬುದನ್ನು ತುಂಗನಾಥದಲ್ಲಿ ನಿಂತು, ಹಿಮದ ಗುಣ ನೋಡಿ, ಗೈಡ್ ತೀರ್ಮಾನಿಸಲಿ.

ಈಗ ಹಿಂದಿರುಗುವ ಸಮಯ. ಜನವರಿ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ಬೆಂಗಳೂರಿಗಿಂತ ಅರ್ಧ ಗಂಟೆಗೂ ಮುಂಚೆ, ಸುಮಾರು 5.45ಕ್ಕೆ, ಬಿಸಿಲು ಬೆಟ್ಟದ ಮರೆಗೆ ಸರಿಯುವುದು ಅದಕ್ಕೂ ಮೊದಲೇ. ಮಧ್ಯಾಹ್ನ 1 ಗಂಟೆಗೆ ಎಲ್ಲಿದ್ದರೂ, ಶಿಖರ ಕಣ್ಣಳತೆಯಲ್ಲಿದ್ದರೂ, ಎಲ್ಲರೂ ತಿರುಗಿ ಇಳಿಯಬೇಕೆಂದು ಬೆಂಗಳೂರಿನಲ್ಲೇ ಒಪ್ಪಿಕೊಂಡು ಬರೆದಿಟ್ಟುಕೊಳ್ಳಿ. ಬೆಟ್ಟದ ಮೇಲೆ ಈ ತೀರ್ಮಾನ ಮಾಡಲು ಹೊರಟರೆ ಆಗುವುದಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಖರ್ಚು ಮಾಡಿದ ದುಡ್ಡು, ಹಾಕಿದ ರಜೆ, ಮುಂದೆ ನಡೆಯುತ್ತಿರುವ ಬೇರೆ ತಂಡ ಇವೆಲ್ಲ ಬುದ್ಧಿಯ ಜಾಗದಲ್ಲಿ ಕುಳಿತಿರುತ್ತವೆ. ಅಮೆರಿಕದ ಹಿಮಕುಸಿತ ಸಂಶೋಧಕ ಇಯಾನ್ ಮೆಕ್ಯಾಮನ್ ಅವರು ಅಲ್ಲಿಯ ನೂರಾರು ಹಿಮಕುಸಿತ ಅಪಘಾತಗಳನ್ನು ಅಧ್ಯಯನ ಮಾಡಿ 2004ರಲ್ಲಿ ತೋರಿಸಿದ್ದೂ ಇದನ್ನೇ: ಅಪಾಯದ ಗುರುತುಗಳು ಕಣ್ಣೆದುರೇ ಇದ್ದರೂ, ಗುರಿ ಮುಟ್ಟಲೇಬೇಕೆಂಬ ಹಟ, ಜೊತೆಯವರ ಮೆಚ್ಚುಗೆಯ ಆಸೆ, ನಾಯಕನಿಗೆ ಗೊತ್ತಿರುತ್ತದೆಂಬ ನಂಬಿಕೆ ಇಂಥವು ತರಬೇತಿ ಪಡೆದವರನ್ನೂ ಮುಂದಕ್ಕೆ ತಳ್ಳುತ್ತವೆ.

ಕಚೇರಿಯ ತಂಡದಲ್ಲಿ ಇದು ಇನ್ನೂ ಸೂಕ್ಷ್ಮ. ಮ್ಯಾನೇಜರ್ ಜೊತೆಯಲ್ಲಿದ್ದಾಗ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ‘ಸರ್, ನನಗೆ ತಲೆ ನೋಯುತ್ತಿದೆ, ನಾನು ಬರಲಾರೆ’ ಎಂದು ಹೇಳುವುದು ಸುಲಭವಲ್ಲ. ಎಲ್ಲರಿಗಿಂತ ಹಿರಿಯರು ತಮ್ಮ ವಯಸ್ಸಿನ ಕಾರಣಕ್ಕೆ ಮಾತು ಬಾರದಿರಲೆಂದು ಆಯಾಸವನ್ನು ಮುಚ್ಚಿಡುತ್ತಾರೆ. ಹಾಗಾಗಿ ಕಚೇರಿಯಲ್ಲಿ ಮೇಲಿರುವವರು ಬೆಟ್ಟದಲ್ಲಿ ನಾಯಕರಾಗುವುದು ಬೇಡ. ಗೈಡ್‌ನ ಮಾತೇ ಅಂತಿಮವೆಂದು ಎಲ್ಲರೆದುರು ಹೇಳಿ, ಅದನ್ನು ಹೇಳುವವರು ಮ್ಯಾನೇಜರೇ ಆಗಿರಲಿ. ಇಬ್ಬಿಬ್ಬರ ಜೋಡಿ ಮಾಡಿ, ಪ್ರತಿಯೊಬ್ಬರೂ ಜೊತೆಗಾರರ ಮುಖ, ಮಾತು, ನಡಿಗೆಗಳನ್ನು ಗಮನಿಸುತ್ತಿರಲಿ. ಹೇಳಿಕೊಳ್ಳಲು ಹಿಂಜರಿಯುವವರ ಪರವಾಗಿ ಆ ಜೊತೆಗಾರರು ಹೇಳಲಿ.

ಹದಿನಾಲ್ಕು ಮಂದಿ ಒಂದೇ ಸಾಲಿನಲ್ಲಿ ನಡೆಯುವುದನ್ನೂ ಬಿಡಿ. ಉದ್ದನೆಯ ಸಾಲಿನಲ್ಲಿ ಮುಂದಿನವರು ಆಗಾಗ ನಿಂತು ಹಿಂದಿನವರಿಗಾಗಿ ಕಾಯುತ್ತಾರೆ, ಬೆವರಿದ ಮೈ ತಣ್ಣಗಾಗುತ್ತದೆ, ಕೊನೆಯವರು ಏದುಸಿರು ಬಿಡುತ್ತ ತಲುಪುವ ಹೊತ್ತಿಗೆ ಮುಂದಿನವರು ಹೊರಟುಬಿಡುತ್ತಾರೆ. ಹೆಚ್ಚು ವಿಶ್ರಾಂತಿ ಬೇಕಾದವರಿಗೇ ಹೀಗೆ ವಿಶ್ರಾಂತಿ ಸಿಗದೆ ಹೋಗುತ್ತದೆ. ಏಳೇಳು ಮಂದಿಯ ಎರಡು ತಂಡ ಮಾಡಿ, ನಿಧಾನವಾಗಿ ನಡೆಯುವವರನ್ನು ಗೈಡ್‌ನ ಹಿಂದೆಯೇ ಇರಿಸಿ, ಗಟ್ಟಿಗರೊಬ್ಬರು ಕೊನೆಯಲ್ಲಿರಲಿ. ವಿಶ್ರಾಂತಿಯ ಐದು ನಿಮಿಷದ ಎಣಿಕೆ ಕೊನೆಯವರು ಬಂದು ಕುಳಿತ ಮೇಲೆ ಶುರುವಾಗಲಿ. ಗೈಡ್ ಎಷ್ಟು ಬೇಕೆಂಬ ನಿಮ್ಮ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ: ಒಬ್ಬರು ಅಸ್ವಸ್ಥರಾದರೆ ಅವರನ್ನು ಎಂದಿಗೂ ಒಂಟಿಯಾಗಿ ಕೆಳಗೆ ಕಳಿಸಬಾರದು, ದಾರಿ ಬಲ್ಲವರೇ ಕರೆದೊಯ್ಯಬೇಕು. ಒಬ್ಬನೇ ಗೈಡ್ ಇದ್ದು ಅವನು ಇಳಿದರೆ ಉಳಿದ ಹದಿಮೂರು ಮಂದಿ ಹಿಮದಲ್ಲಿ ದಿಕ್ಕಿಲ್ಲದೆ ನಿಲ್ಲುತ್ತೀರಿ. ಪ್ರತಿ ತಂಡಕ್ಕೆ ಒಬ್ಬ ಸ್ಥಳೀಯ ಗೈಡ್ ಮತ್ತು ಒಬ್ಬ ಸಹಾಯಕ, ಒಟ್ಟು ನಾಲ್ವರು ಬೇಕು. ಈ ಖರ್ಚಿನಲ್ಲಿ ಉಳಿತಾಯ ಮಾಡಬೇಡಿ.

ಹವಾಮಾನದ ಬಗ್ಗೆ ಬರೆಯುವಾಗ 2024ರ ಜೂನ್ ನೆನಪಾಗದೆ ಇರದು. ಉತ್ತರಕಾಶಿ ಭಾಗದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ ಕರ್ನಾಟಕದವರೇ ಹೆಚ್ಚಿದ್ದ 22 ಮಂದಿಯ ತಂಡ ಹಿಮಗಾಳಿಗೆ ಸಿಕ್ಕಿ 9 ಮಂದಿ ಪ್ರಾಣ ಕಳೆದುಕೊಂಡರು. ಆ ಹಾದಿ ನಿಮ್ಮದಕ್ಕಿಂತ ಎತ್ತರದ್ದು, ದೂರದ್ದು, ಆದರೆ ಅದು ಬೇಸಿಗೆಯ ತಿಂಗಳು ಎಂಬುದನ್ನು ಮರೆಯಬಾರದು. ಚಳಿಗಾಲದಲ್ಲಿ ಮೆಡಿಟರೇನಿಯನ್ ಕಡೆಯಿಂದ ಬರುವ ಪಶ್ಚಿಮದ ಮಾರುತಗಳ ಕ್ಷೋಭೆ ಒಂದೆರಡು ದಿನಗಳ ಕಾಲ ಹಿಮ ಸುರಿಸಿ ಹೋಗುತ್ತದೆ, ಹವಾಮಾನ ಇಲಾಖೆ ಅದನ್ನು ಕೆಲವು ದಿನ ಮೊದಲೇ ತಿಳಿಸುತ್ತದೆ. ರುದ್ರಪ್ರಯಾಗ ಜಿಲ್ಲೆಯ ಮುನ್ಸೂಚನೆಯನ್ನೂ, ಡಿಆರ್‌ಡಿಒ ಅಧೀನದ, ಚಂಡೀಗಢದ ಸಂಶೋಧನಾ ಸಂಸ್ಥೆಯಾದ ಡಿಜಿಆರ್‌ಇ ಹೊರಡಿಸುವ ಹಿಮಕುಸಿತದ ಎಚ್ಚರಿಕೆಯನ್ನೂ ಹೊರಡುವ ವಾರದಿಂದ ದಿನವೂ ನೋಡಿ. 30ರಿಂದ 45 ಡಿಗ್ರಿ ಇಳಿಜಾರುಗಳಲ್ಲಿ, ಭಾರೀ ಹಿಮ ಬಿದ್ದ ನಂತರದ ಒಂದೆರಡು ದಿನಗಳಲ್ಲಿ ಹಿಮಕುಸಿತದ ಸಾಧ್ಯತೆ ಹೆಚ್ಚು. ಹಿಮಪಾತ ನಿಂತು ಆಕಾಶ ತಿಳಿಯಾದ ಆ ಬೆಳಗು ಎಲ್ಲಕ್ಕಿಂತ ಸುಂದರವಾಗಿ ಕಾಣುತ್ತದೆ, ಅಂದು ಮೇಲೆ ಹೋಗದೆ ಕಾಯುವುದೇ ಸರಿ.

ಬಟ್ಟೆಯಲ್ಲಿ ಮುಖ್ಯ ಮಾತು ಒಂದೇ, ಹತ್ತಿ ಬೇಡ. ಜೀನ್ಸ್, ಕಾಟನ್ ಟೀ ಶರ್ಟ್, ಕಾಟನ್ ಕಾಲುಚೀಲ ಇವು ಒಮ್ಮೆ ನೆನೆದರೆ ಒಣಗದೆ ಮೈಯ ಶಾಖವನ್ನು ಹೀರುತ್ತಲೇ ಇರುತ್ತವೆ. ಮೈಗಂಟಿ ಪಾಲಿಯೆಸ್ಟರ್ ಅಥವಾ ಉಣ್ಣೆಯ ಥರ್ಮಲ್, ಅದರ ಮೇಲೆ ಫ್ಲೀಸ್, ಹೊರಗೆ ಗಾಳಿ ಮತ್ತು ನೀರು ತಡೆಯುವ ಜರ್ಕಿನ್, ಬ್ಯಾಗಿನಲ್ಲಿ ನಿಂತಾಗ ಮಾತ್ರ ತೊಡುವ ದಪ್ಪನೆಯ ಜಾಕೆಟ್ ಇರಲಿ. ಮೈನಸ್ 5 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಚರ್ಮಕ್ಕೆ ಅದು ಮೈನಸ್ 13ರಂತೆ ತಟ್ಟುತ್ತದೆ. ನಡೆಯಲು ಶುರುಮಾಡುವಾಗ ಸ್ವಲ್ಪ ಚಳಿಯಾಗುವಷ್ಟೇ ಬಟ್ಟೆ ಹಾಕಿಕೊಳ್ಳಿ, ಬೆವರುವ ಮುನ್ನವೇ ಒಂದು ಪದರ ತೆಗೆಯಿರಿ. ಒಣ ಕೈಗವಸು ಮತ್ತು ಒಣ ಕಾಲುಚೀಲದ ಇನ್ನೊಂದು ಜೊತೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟುಕೊಳ್ಳಿ. ಯಾರಾದರೂ ತಡೆಯಲಾಗದೆ ನಡುಗುತ್ತಿದ್ದರೆ, ತೊದಲಿದರೆ, ಜಿಪ್ ಎಳೆಯಲಾಗದಷ್ಟು ಕೈ ಮರಗಟ್ಟಿದರೆ ದೇಹದ ಶಾಖ ಅಪಾಯದ ಮಟ್ಟಕ್ಕೆ ಇಳಿಯುತ್ತಿದೆ ಎಂದರ್ಥ. ನೆನೆದ ಬಟ್ಟೆ ಬದಲಿಸಿ, ಗಾಳಿಯ ಮರೆಗೆ ಕರೆದೊಯ್ದು, ಪ್ರಜ್ಞೆ ಸರಿಯಿದ್ದರೆ ಬಿಸಿಯಾದ ಸಿಹಿ ಪಾನೀಯ ಕುಡಿಸಿ, ಇಳಿಸಲು ಆರಂಭಿಸಿ. ಕೈಕಾಲುಗಳನ್ನು ಹಿಮದಿಂದ ಉಜ್ಜಬಾರದು. ಚಳಿಗೆಂದು ಮದ್ಯ ಕುಡಿಯುವುದು ಬೇಡ, ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಹಾಕುತ್ತದೆ.

ಹೊಸ ಹಿಮ ಅತಿನೇರಳೆ ಕಿರಣಗಳ ಶೇ 80ರಷ್ಟನ್ನು ಪ್ರತಿಫಲಿಸುವುದರಿಂದ, ಬದಿಯೂ ಮುಚ್ಚುವ ಕಪ್ಪು ಕನ್ನಡಕವಿಲ್ಲದೆ ಅಲ್ಲಿ ಕೆಲವು ಗಂಟೆ ನಡೆದರೆ ಸಂಜೆಗೆ ಕಣ್ಣಲ್ಲಿ ಮರಳು ಸುರಿದಂಥ ಉರಿ ಬರುತ್ತದೆ. ಸನ್‌ಸ್ಕ್ರೀನನ್ನು ಗಲ್ಲದ ಕೆಳಗೆ, ಮೂಗಿನ ಹೊಳ್ಳೆಯ ಅಡಿಯಲ್ಲೂ ಹಚ್ಚಿಕೊಳ್ಳಿ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೂ ಎರಡು ಲೀಟರ್ ನೀರು ಕುಡಿದು ಮುಗಿಸಬೇಕು. ಅದರಲ್ಲಿ ಒಂದು ಭಾಗ ಫ್ಲಾಸ್ಕ್‌ನಲ್ಲಿ ಬಿಸಿಯಾಗಿರಲಿ. ದಾರಿಯಲ್ಲಿ ಶೌಚಾಲಯವಿಲ್ಲವೆಂದು ಹೆಣ್ಣುಮಕ್ಕಳು ನೀರನ್ನೇ ಕುಡಿಯದೆ ಬರುವುದನ್ನು ಮತ್ತೆ ಮತ್ತೆ ನೋಡುತ್ತೇನೆ. ಇದರಿಂದ ತಲೆನೋವು ಬರುತ್ತದೆ, ಅದು ಎತ್ತರದ ಅಸ್ವಸ್ಥತೆಯೋ ಅಲ್ಲವೋ ತಿಳಿಯದಾಗುತ್ತದೆ. ಮರೆಯಾದ ಜಾಗವನ್ನು ತೋರಿಸುವಂತೆ ಗೈಡ್‌ಗೆ ಮೊದಲೇ ಹೇಳಿ, ಎಲ್ಲ ನಿಲುಗಡೆಗಳಲ್ಲೂ ಅದಕ್ಕೆ ಸಮಯ ಕೊಡಿ. ಬಳಸಿದ ಪ್ಯಾಡುಗಳನ್ನೂ ಕಸವನ್ನೂ ಚೀಲದಲ್ಲಿ ತುಂಬಿ ವಾಪಸ್ ತನ್ನಿ, ಅದು ಕೇದಾರನಾಥ ವನ್ಯಜೀವಿಧಾಮದ ನೆಲ. ತಿನ್ನಲು ಕಡಲೆಕಾಯಿ ಚಿಕ್ಕಿ, ಖರ್ಜೂರ, ಚಟ್ನಿಪುಡಿ ಸವರಿದ ಚಪಾತಿ ಸುರುಳಿ ಸಾಕು. ಚಿಕ್ಕಿಯನ್ನು ಮನೆಯಲ್ಲೇ ಸಣ್ಣಗೆ ಮುರಿದು ಜೇಬಿಗೆ ಹಾಕಿಕೊಳ್ಳಿ, ಚಳಿಯಲ್ಲಿ ಅದು ಹಲ್ಲಿಗೆ ಜಗ್ಗುವುದಿಲ್ಲ. ಮೊಬೈಲ್ ಮೈಗೆ ತಾಗುವ ಜೇಬಿನಲ್ಲಿರಲಿ, ಇಲ್ಲವಾದರೆ ಬ್ಯಾಟರಿ ಬೇಗ ಇಳಿದು ತುರ್ತಿನಲ್ಲಿ 112ಕ್ಕೆ ಕರೆ ಮಾಡಲೂ ಆಗದೆ ಹೋದೀತು.

ಟಿಕೆಟ್ ಇನ್ನೂ ಕಾಯ್ದಿರಿಸಿಲ್ಲವಾದರೆ, ಮೊದಲು ಸಾರಿ ಗ್ರಾಮದ ಗೈಡ್‌ಗಳಿಗೆ ಫೋನ್ ಮಾಡಿ ರಸ್ತೆ ಮತ್ತು ಹಿಮದ ಸ್ಥಿತಿ ಕೇಳಿ, ನಾಲ್ವರು ಸಿಗುತ್ತಾರೆಯೇ ಎಂದು ಖಚಿತಪಡಿಸಿಕೊಳ್ಳಿ. ಅವರು ಸಿಕ್ಕ ದಿನಾಂಕಕ್ಕೆ ವಿಮಾನದ ದಿನಾಂಕ ಹೊಂದಿಸಿ, ಹಿಂದಿರುಗುವ ಟಿಕೆಟ್‌ಗೆ ಒಂದು ದಿನ ಬಿಡುವು ಇಟ್ಟುಕೊಳ್ಳಿ. ಚಾರಣಕ್ಕೆ ಅನ್ವಯಿಸುವ ವಿಮೆ ಮಾಡಿಸಿ, 14 ಮಂದಿಯ ರಕ್ತದ ಗುಂಪು, ಔಷಧಗಳು, ಮನೆಯವರ ನಂಬರ್ ಇರುವ ಒಂದು ಹಾಳೆಯನ್ನು ಇಬ್ಬರು ಗೈಡ್‌ಗಳ ಕೈಗೂ ಬೆಂಗಳೂರಿನಲ್ಲಿ ಉಳಿಯುವ ಒಬ್ಬರ ಕೈಗೂ ಕೊಡಿ. ಚಾರಣದ ದಿನ ಸಂಜೆ 7ರೊಳಗೆ ನಿಮ್ಮಿಂದ ಕರೆ ಬಾರದಿದ್ದರೆ ಯಾರಿಗೆ ಫೋನ್ ಮಾಡಬೇಕೆಂದು ಅವರಿಗೆ ಬರೆದುಕೊಡಿ.